ನಾಲ್ಕನೇ ಗಾಡಿಯ ಕಾಗದ

ತೊಂಬತ್ತೆರಡು. ಎಂಟು ತಿಂಗಳು ನಾನು ಈ ಸಂಖ್ಯೆಯ ಜೊತೆ ಎದ್ದೆ, ಈ ಸಂಖ್ಯೆಯ ಜೊತೆ ಮಲಗಿದೆ. ಸೈಕಲ್ ತುಳಿಯುವಾಗ ಪೆಡಲ್ ಒಂದು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೋ ಅದಕ್ಕೆ ಕ್ಯಾಡೆನ್ಸ್ ಅನ್ನುತ್ತಾರೆ. ನನ್ನದು ತೊಂಬತ್ತೆರಡು ಇರಬೇಕು ಎಂದು ನಮ್ಮ ಕೋಚ್ ಹೇಳಿದ್ದರು. ಮಣ್ಣಿರಲಿ, ಕಲ್ಲಿರಲಿ, ಬೆಟ್ಟ ಎದೆಗೆ ತಾಗುವಷ್ಟು ಕಡಿದಾಗಿರಲಿ, ತೊಂಬತ್ತೆರಡು. ಅದಕ್ಕೆಂದೇ ಹ್ಯಾಂಡಲ್‌ಗೆ ರಬ್ಬರ್ ಪಟ್ಟಿಯಿಂದ ಒಂದು ಪುಟ್ಟ ಪೆಟ್ಟಿಗೆ ಕಟ್ಟುತ್ತಿದ್ದರು. ಅದು ಟಿಕ್ ಟಿಕ್ ಎನ್ನುತ್ತಿತ್ತು. ಪ್ರತಿ ಟಿಕ್‌ಗೂ ನನ್ನ ಬಲಗಾಲು ಕೆಳಗಿರಬೇಕು. ಇಲ್ಲದಿದ್ದರೆ ಸೀಟಿ ಊದುತ್ತಿದ್ದರು.

ಕ್ಲಬ್ಬಿನ ಹುಡುಗರು ಅವರ ಬೆನ್ನ ಹಿಂದೆ ಅವರನ್ನು ಸೀಟಿ ಸರ್ ಎಂದೇ ಕರೆಯುತ್ತಿದ್ದರು. ನನ್ನನ್ನು ಏಣಿ ಅನ್ನುತ್ತಿದ್ದರು, ಅದು ಎದುರಿಗೇ. ನಾನು ಉದ್ದ. ಬರೀ ಉದ್ದ ಅಲ್ಲ, ಅಗಲಕ್ಕೂ ಇದ್ದೇನೆ. ಎಂಟನೇ ಕ್ಲಾಸಿನಲ್ಲೇ ಕೊನೇ ಬೆಂಚಿನ ಕೆಳಗೆ ಕಾಲು ಹಿಡಿಸುತ್ತಿರಲಿಲ್ಲ. ಆ ವರ್ಷ ಅಮ್ಮ ಕೆಲಸ ಮಾಡುವ ಹೋಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಬಿಸಿ ಉಗಿ ಬಡಿದು ಅಮ್ಮನ ಮಣಿಕಟ್ಟು ಸುಟ್ಟಿತು. ಒಂದು ತಿಂಗಳು ಅಮ್ಮನ ಬದಲು ನಾನು ಹೋಗಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕಿದೆ. ಆಮೇಲೆ ಸ್ಕೂಲಿಗೆ ವಾಪಸ್ ಹೋಗಲಿಲ್ಲ. ಯಾರೂ ಬಂದು ಕರೆಯಲೂ ಇಲ್ಲ. ಕ್ಲಾಸಿನಲ್ಲಿ ಬಾಯಿ ಬಿಡದವಳು ಬಂದರೇನು, ಬಿಟ್ಟರೇನು.

ಕ್ಲಬ್ಬಿಗೆ ನಾನು ಸೇರಿದ್ದು ಗಾಡಿ ತೊಳೆಯಲು. ಊರಿನ ಅಂಚಿನಲ್ಲಿ, ಬೆಟ್ಟದ ಬುಡದಲ್ಲಿ ಒಂದು ಹಳೇ ಗೋದಾಮು. ಒಳಗೆ ಗೋಡೆಯುದ್ದಕ್ಕೂ ಕೊಕ್ಕೆಗಳು, ಕೊಕ್ಕೆಗೆ ಒಂದರಂತೆ ಹನ್ನೊಂದು ಸೈಕಲ್. ಪ್ರತಿ ಕೊಕ್ಕೆಯ ಕೆಳಗೆ ಬಿಳಿ ಬಣ್ಣದಲ್ಲಿ ನಂಬರ್. ನಂಬರಿನ ಪಕ್ಕದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಂದು ಕಾಗದ. ಯಾವ ದಿನ ಎಷ್ಟು ದೂರ, ಯಾವ ಗೇರ್, ಎಷ್ಟು ಕ್ಯಾಡೆನ್ಸ್, ಎಲ್ಲ ಅದರಲ್ಲಿ. ಹಿಂದುಗಡೆ ನನ್ನ ಜಾಗ. ಒಂದು ನಲ್ಲಿ, ಪೈಪು, ಹಳೇ ಹಲ್ಲುಜ್ಜುವ ಬ್ರಷ್‌ಗಳ ಡಬ್ಬ, ಸೀಮೆಎಣ್ಣೆ, ಚಿಂದಿ ಬಟ್ಟೆ. ಬೆಳಿಗ್ಗೆ ಹುಡುಗರು ಕೆಸರು ಮೆತ್ತಿಕೊಂಡು ಬಂದ ಗಾಡಿಗಳನ್ನು ಎಸೆದು ಹೋಗುತ್ತಿದ್ದರು. ನಾನು ಚೈನಿನ ಒಂದೊಂದು ಕೊಂಡಿಯನ್ನೂ ಉಜ್ಜುತ್ತಿದ್ದೆ. ಯಾರ ಚೈನು ಎಲ್ಲಿ ಸವೆದಿದೆ ನೋಡಿದರೆ ಅವರು ಹೇಗೆ ತುಳಿಯುತ್ತಾರೆ ಅಂತ ಗೊತ್ತಾಗುತ್ತದೆ. ಹೇಳುತ್ತಿರಲಿಲ್ಲ, ಅಷ್ಟೇ.

ಒಂದು ದಿನ ಬೆಟ್ಟದ ರೇಸಿನವರು ಹೊಸ ನಿಯಮ ಮಾಡಿದರು. ಪ್ರತಿ ತಂಡದಲ್ಲೂ ಒಬ್ಬಳಾದರೂ ಹುಡುಗಿ ಇರಬೇಕು. ನಮ್ಮಲ್ಲಿ ಒಬ್ಬಳೂ ಇರಲಿಲ್ಲ. ಕೋಚ್ ಸುತ್ತ ನೋಡಿದರು. ಪೈಪು ಹಿಡಿದು ನಿಂತಿದ್ದ ನಾನು ಕಂಡೆ.

"ಏಯ್ ಏಣಿ, ಸೈಕಲ್ ಹೊಡೆಯೋಕೆ ಬರುತ್ತಾ?"

ತಲೆ ಆಡಿಸಿದೆ.

"ನಾಲ್ಕನೇ ಗಾಡಿ ತಗೋ. ನೀನು ಗೆಲ್ಲೋದೇನೂ ಬೇಡ, ಬಿದ್ದು ಹೋಗದೆ ಇದ್ರೆ ಸಾಕು."

ಹುಡುಗರು ನಕ್ಕರು. ನನಗೆ ಅವತ್ತು ಸಿಟ್ಟು ಬರಲಿಲ್ಲ. ಅದು ಈಗ ನೆನೆದರೆ ಬರುವ ಸಿಟ್ಟು. ಅವತ್ತು ನನಗೆ ನಾಲ್ಕನೇ ಗಾಡಿ ಬಿಟ್ಟು ಬೇರೇನೂ ಕಾಣಲಿಲ್ಲ. ತೊಳೆದೂ ತೊಳೆದೂ ಅದರ ಮೈಮೇಲಿನ ಗೀರುಗಳೆಲ್ಲ ಗೊತ್ತಿದ್ದವು. ಗ್ರೀಸ್ ಮಾಮ, ಅಂದರೆ ಕ್ಲಬ್ಬಿನ ಮೆಕ್ಯಾನಿಕ್, ನನ್ನ ಉದ್ದಕ್ಕೆ ತಕ್ಕಂತೆ ಸೀಟು ಎತ್ತಿದರು. ಪೆಡಲ್ ಕೂತಿರುವ ತೋಳು, ಅದಕ್ಕೆ ಕ್ರ್ಯಾಂಕ್ ಅನ್ನುತ್ತಾರೆ, ಅದು ಗಿಡ್ಡ ಇತ್ತು. ಉದ್ದದ್ದು ಹಾಕಿದರು. ಕೋಚ್ ಬಂದು ಗೋಡೆಯ ಮೇಲಿದ್ದ ಕಾಗದ ನೋಡಿ, ಪೆಟ್ಟಿಗೆ ಕಟ್ಟಿ, ತೊಂಬತ್ತೆರಡು ಅಂದರು. ಅಷ್ಟೇ. ಅಲ್ಲಿಂದ ಶುರು.

ನಮ್ಮ ಅಭ್ಯಾಸದ ಏರು ಎರಡು ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ. ಮೊದಲು ಗಟ್ಟಿ ಮಣ್ಣು. ನಡುವೆ ಸಡಿಲ ಕಲ್ಲಿನ ದಾರಿ, ಅದರ ಮಧ್ಯದಲ್ಲಿ ಮಲಗಿದ ಎಮ್ಮೆಯಂಥ ಒಂದು ಬಂಡೆ. ಹುಡುಗರು ಅದನ್ನು ಎಮ್ಮೆಬಂಡೆ ಅನ್ನುತ್ತಾರೆ. ಅದು ದಾಟಿದರೆ ಕೊನೆಯ ತುಂಡು ಮತ್ತೆ ನುಣ್ಣಗಿದೆ. ನಾನು ಎಂಟು ತಿಂಗಳು ದಿನಾ ಎಮ್ಮೆಬಂಡೆಯ ಹತ್ತಿರ ಕಾಲು ಊರಿದೆ. ತೊಂಬತ್ತೆರಡು ತಿರುಗಬೇಕೆಂದರೆ ತೀರಾ ಹಗುರ ಗೇರ್ ಹಾಕಬೇಕು. ಹಗುರ ಗೇರಿನಲ್ಲಿ ಕಲ್ಲಿನ ಮೇಲೆ ಬಂದರೆ ಹಿಂದಿನ ಚಕ್ರ ನೆಲ ಹಿಡಿಯದೆ ಗರ್ರನೆ ತಿರುಗುತ್ತಿತ್ತು, ಗಾಡಿ ನಿಂತಲ್ಲೇ ನಿಲ್ಲುತ್ತಿತ್ತು. ಅಷ್ಟು ಹೊತ್ತಿಗೆ ಉಸಿರು ಗಂಟಲಿಗೆ ಬಂದಿರುತ್ತಿತ್ತು. ಎರಡು ಸಲ ವಾಂತಿ ಮಾಡಿಕೊಂಡೆ. ಮೂರನೇ ಸಲ, ಜೀವ ಬಿಗಿ ಹಿಡಿದು, ಬಾಯಿ ಬಿಟ್ಟೆ.

"ಸರ್, ಹಿಂದಿನ ಚಕ್ರ ಜಾರುತ್ತೆ."

ಕೋಚ್ ಎಲ್ಲರಿಗೂ ಕೇಳುವಂತೆ ಹೇಳಿದರು: "ಜಾರ್ತಿರೋದು ಚಕ್ರ ಅಲ್ಲಮ್ಮ, ನಿನ್ನ ಗಮನ. ಇದಕ್ಕೆಲ್ಲ ಒಂದು ವಿಜ್ಞಾನ ಇದೆ. ನಾಲ್ಕಕ್ಷರ ಓದಿದ್ರೆ ಅರ್ಥ ಆಗ್ತಿತ್ತು. ಪೆಟ್ಟಿಗೆ ಹೇಳಿದ ಹಾಗೆ ತುಳಿ."

ಹುಡುಗರು ಗೊಳ್ಳೆಂದು ನಕ್ಕರು. ತುಳಿದೆ. ಮನೆಯಲ್ಲಿ ಊಟಕ್ಕೆ ಕೂತರೂ ಮೇಜಿನ ಕೆಳಗೆ ಕಾಲು ತಾನಾಗಿ ಕುಣಿಯುತ್ತಿತ್ತು.

"ಏನೇ ಅದು? ಮನೆ ಅಲ್ಲಾಡ್ತಿದೆ, ಭೂಕಂಪ ಅಂದ್ಕೊಂಡು ಪಕ್ಕದ ಮನೆಯವರು ಆಚೆ ಓಡ್ತಾರೆ," ಎಂದು ಅಮ್ಮ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು ಒತ್ತಿ ಹಿಡಿಯುತ್ತಿದ್ದಳು. "ಕನಸಲ್ಲೂ ಒದೀತೀಯ. ನನ್ನ ಸೊಂಟ ನೋಡು."

ಹೀಗಿರುವಾಗ ಎರಡು ತಿಂಗಳ ಹಿಂದೆ ಕ್ಲಬ್ಬಿಗೆ ಕಾಲೇಜಿನವಳು ಬಂದಳು. ಸ್ವಂತ ಗಾಡಿ, ಸ್ವಂತ ಕೈಗವಸು, ಬಾಯಿತುಂಬ ಮಾತು. ಕೋಚ್ ಮುಖದಲ್ಲಿ ಮೊದಲ ಸಲ ಹಲ್ಲು ಕಂಡವು. ತಂಡದಲ್ಲಿ ಹುಡುಗಿಗೆ ಇರುವುದು ಒಂದೇ ಜಾಗ. ಹಾಗಾಗಿ ಪರೀಕ್ಷೆ ಇಡುತ್ತೇನೆ ಎಂದರು. ಭಾನುವಾರ ಬೆಳಿಗ್ಗೆ ಇದೇ ಏರು, ಒಬ್ಬೊಬ್ಬರೇ, ಕಡಿಮೆ ಸಮಯ ತಗೊಂಡವಳು ತಂಡಕ್ಕೆ. ಕಾಲು ಊರಿದರೆ ಪ್ರತಿ ಸಲಕ್ಕೂ ಅರ್ಧ ನಿಮಿಷ ಸೇರಿಸುತ್ತಾರೆ.

"ಸೋತವರು?" ಎಂದು ಕಾಲೇಜಿನವಳು ಕೇಳಿದಳು. ನಾನು ಕೇಳಬೇಕಿದ್ದ ಪ್ರಶ್ನೆ.

"ನಿನ್ನ ಗಾಡಿ ನಿನ್ನದೇ, ಬೇಕಾದಾಗ ಬಂದು ಹೊಡಿ. ಕ್ಲಬ್ ಗಾಡಿಯಾದ್ರೆ ಕೊಕ್ಕೆಗೆ ವಾಪಸ್."

ಅಂದರೆ ಸೋತರೆ ಅವಳಿಗೆ ಏನೂ ಆಗುವುದಿಲ್ಲ. ನಾನು ಸೋತರೆ ನಾಲ್ಕನೇ ಗಾಡಿ ಕೊಕ್ಕೆಗೆ, ನಾನು ಪೈಪಿಗೆ. ಅದನ್ನು ಹತ್ತುವುದಿಲ್ಲ, ಬೇರೆಯವರು ಹತ್ತಿ ತಂದರೆ ತೊಳೆಯುತ್ತೇನೆ.

ಪರೀಕ್ಷೆಗೆ ಒಂಬತ್ತು ದಿನ ಇತ್ತು. ನಾನು ಗಾಡಿಗಳನ್ನು ತೊಳೆಯುತ್ತಿದ್ದೆ. ಕಾಲೇಜಿನವಳು ನಲ್ಲಿಯ ಪಕ್ಕದ ಕಟ್ಟೆಯ ಮೇಲೆ ಕೂತು ಶೂ ಬಿಚ್ಚುತ್ತಾ ಮಾತಾಡುತ್ತಿದ್ದಳು. ಅವಳು ಕೆಟ್ಟವಳಲ್ಲ. ನನ್ನ ಜೊತೆ ಮಾತಾಡುವವಳು ಅವಳೊಬ್ಬಳೇ. ನಾನು ಉತ್ತರ ಕೊಡದಿದ್ದರೂ ಅವಳಿಗೆ ಬೇಜಾರಿಲ್ಲ.

"ನಿನ್ನ ಪೆಟ್ಟಿಗೆ ಎಷ್ಟಕ್ಕೆ ಇಟ್ಟಿದಾರೆ? ನಂದು ಎಂಬತ್ತು. ಅಬ್ಬಾ, ಅದನ್ನ ಕಂಡುಹಿಡಿಯೋಕೆ ಸರ್ ನನ್ನ ಜೀವ ತಿಂದ್ರು. ಟೇಪ್ ಹಿಡಿದು ಕಾಲು ಅಳೆದ್ರು, ತೊಡೆ ಅಳೆದ್ರು, ನಿಂತಲ್ಲೇ ತುಳಿಯೋ ಗಾಡಿ ಮೇಲೆ ಕೂರಿಸಿ ಒಂದ್ಸಲ ನಿಧಾನ, ಒಂದ್ಸಲ ಜೋರು, ಮಧ್ಯೆ ಮಧ್ಯೆ ನಾಡಿ ಹಿಡಿದು ಎಣಿಸಿದ್ರು. ಎರಡು ಗಂಟೆ! ನಿಂಗೂ ಅಷ್ಟೇ ಹೊತ್ತು ಹಿಡೀತಾ?"

ನನ್ನ ಕೈಯಲ್ಲಿದ್ದ ಬ್ರಷ್ ನಿಂತಿತು. ಪೈಪಿನ ನೀರು ನನ್ನ ಚಪ್ಪಲಿಯ ಮೇಲೆ ಹರಿಯುತ್ತಿತ್ತು.

ನನ್ನನ್ನು ಯಾರೂ ಅಳೆದಿರಲಿಲ್ಲ.

ಅವಳು ಹೋದ ಮೇಲೆ ಗೋದಾಮಿನೊಳಗೆ ಹೋದೆ. ನಾಲ್ಕನೇ ಕೊಕ್ಕೆಯ ಪಕ್ಕದ ಕವರನ್ನು ಗೋಡೆಯಿಂದ ತೆಗೆದೆ. ಎಂಟು ತಿಂಗಳು ಅದರ ಮೇಲಿನ ಧೂಳನ್ನು ಒರೆಸಿದ್ದೇನೆ, ಒಳಗಿನ ಕಾಗದವನ್ನು ದಿನಾ ಓದಿದ್ದೇನೆ. ಆದರೆ ಹೊರಗೆ ತೆಗೆದಿರಲಿಲ್ಲ. ಕವರ್ ಚಿಕ್ಕದಾಗಿತ್ತು. ಕಾಗದದ ತಲೆಯನ್ನು ಹಿಂದಕ್ಕೆ ಮಡಿಸಿ ತುರುಕಿದ್ದರು. ಮಡಿಕೆ ಬಿಚ್ಚಿದೆ. ಮೇಲೆ ಕೋಚ್ ಕೈಬರಹ, ನಾಲ್ಕು ವರ್ಷದ ಹಿಂದಿನ ತಾರೀಖು. ವಯಸ್ಸು ಹದಿಮೂರು. ಎತ್ತರ ನಾಲ್ಕು ಅಡಿ ಹತ್ತು ಇಂಚು. ತೂಕ ಮೂವತ್ತೆಂಟು ಕೆಜಿ.

ನಾನು ಐದು ಅಡಿ ಎಂಟು ಇಂಚು. ಅರವತ್ತಾರು ಕೆಜಿ.

ನಿಂತಲ್ಲೇ ನಿಂತೆ. ಮೊದಲು ಮುಖ ಬಿಸಿಯಾಯಿತು, ಆಮೇಲೆ ಕಿವಿ. ಕಾಗದ ಹಿಡಿದು ಗ್ರೀಸ್ ಮಾಮನ ಹತ್ತಿರ ಹೋದೆ. ಅವರು ಮೂಲೆಯಲ್ಲಿ ಕೂತು ಒಂದು ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಮೀಟಿ ನೋಡುತ್ತಿದ್ದರು.

"ಮಾಮ, ಇದು ಯಾರದ್ದು?"

ಕನ್ನಡಕ ಹಣೆಗೇರಿಸಿ ನೋಡಿದರು. "ಓ, ಪುಟಾಣೀದು. ನಾಲ್ಕನೇ ಗಾಡಿ ಮೊದಲು ಅವನ ಹತ್ರ ಇತ್ತು. ಇಷ್ಟಿದ್ದ." ಕೈಯನ್ನು ತಮ್ಮ ಮೇಜಿನ ಎತ್ತರಕ್ಕೆ ಹಿಡಿದರು. "ಸೊಳ್ಳೆ ಹಾರಿದ ಹಾಗೆ ಹತ್ತಿಬಿಡ್ತಿದ್ದ. ಆಮೇಲೆ ಅವರಪ್ಪನಿಗೆ ವರ್ಗ ಆಯ್ತು, ಹೋದ."

"ಮತ್ತೆ ಇದು ನನಗೆ ಯಾಕೆ?"

"ಗಾಡಿ ಯಾರಿಗೋ ಕಾಗದ ಅವರಿಗೆ. ಇಲ್ಲಿ ಮೊದಲಿಂದ ಹಾಗೇ. ಗಾಡಿ ಜೊತೆ ಬೆಲ್ ಬರಲ್ವಾ, ಹಾಗೆ."

"ಕ್ರ್ಯಾಂಕ್ ಉದ್ದದ್ದು ಹಾಕಿದ್ದು ನೀವೇ ಅಲ್ವಾ ಮಾಮ? ಸೀಟು ಎತ್ತಿದ್ದು?"

"ನಾನೇ. ಇಲ್ಲದಿದ್ರೆ ನಿನ್ನ ಮೊಣಕಾಲು ಗಲ್ಲಕ್ಕೆ ಬಡೀತಿತ್ತು."

"ಹಾಗಾದ್ರೆ ಕಾಗದ?"

"ಕಾಗದ ನನ್ನ ಕೆಲಸ ಅಲ್ಲಮ್ಮ," ಎಂದು ಕನ್ನಡಕ ಇಳಿಸಿ ಮತ್ತೆ ಕಡ್ಡಿ ಮೀಟಿದರು.

ನನ್ನ ಜೀವನದಲ್ಲಿ ಯಾರಿಗೂ ಹೊಡೆಯಬೇಕು ಅನ್ನಿಸಿರಲಿಲ್ಲ. ಅವತ್ತು ಅನ್ನಿಸಿತು. ಮಾಮನಿಗಲ್ಲ. ಅಥವಾ ಮಾಮನಿಗೂ ಸ್ವಲ್ಪ. ಆ ಪುಟಾಣಿ ಹುಡುಗನ ಕಾಲಿನ ಲೆಕ್ಕವನ್ನು ನನ್ನ ಕಾಲಿಗೆ ಕಟ್ಟಿ, ಎಂಟು ತಿಂಗಳು ಸೀಟಿ ಊದಿ, ವಾಂತಿ ಮಾಡಿಸಿ, ವಿಜ್ಞಾನ ಅಂದರಲ್ಲ. ನಾಲ್ಕಕ್ಷರ ಓದಿದ್ದರೆ ಅಂದರಲ್ಲ. ತಾವೇ ಬರೆದ ಎರಡು ಸಾಲನ್ನು ಮಡಿಕೆ ಬಿಚ್ಚಿ ಓದಲಾಗದವರು. ನನ್ನನ್ನು ಅಳೆದು ತಪ್ಪು ಲೆಕ್ಕ ಹಾಕಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಅಳೆಯಲೇ ಇಲ್ಲ. ಗೋಡೆ ನೋಡಿ ಹೇಳಿದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಸಂಜೆ ಅಮ್ಮನಿಗೆ ಹೇಳಿದೆ. ಅಮ್ಮ ಬಟ್ಟೆ ಮಡಿಸುತ್ತಿದ್ದಳು. ಕೇಳುತ್ತಾ ಕೇಳುತ್ತಾ ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು.

"ನಾಳೆ ನಾನು ಬರ್ತೀನಿ. ಇಸ್ತ್ರಿಪೆಟ್ಟಿಗೆ ಹಿಡ್ಕೊಂಡೇ ಬರ್ತೀನಿ. ಆ ಮನುಷ್ಯನ ಶರ್ಟು ಮೈಮೇಲಿರೋವಾಗ್ಲೇ ಇಸ್ತ್ರಿ ಮಾಡ್ತೀನಿ."

"ಬೇಡಮ್ಮ."

"ನೀನು ಹೇಳ್ತೀಯಾ?"

ಒಂದು ಟವೆಲ್ ಎತ್ತಿಕೊಂಡು ಮಡಿಸತೊಡಗಿದೆ.

"ನೋಡು, ನೋಡು. ಬಾಯೊಳಗೆ ಏನು ಇಟ್ಕೊಂಡಿದೀಯೇ? ಚಿಕ್ಕವಳಿದ್ದಾಗಿಂದ ನೋಡ್ತಿದೀನಿ. ಎಲ್ಲ ನೋಡ್ತೀಯ, ಎಲ್ಲ ಗೊತ್ತಿರುತ್ತೆ, ಹೇಳು ಅಂದ್ರೆ ಗುಮ್ಮನಗುಸುಕಿ. ನನ್ನ ಹೊಟ್ಟೇಲಿ ಹುಟ್ಟಿ ಇಷ್ಟು ಮೌನ ಎಲ್ಲಿಂದ ಕಲಿತೆ?"

ಆ ಮಾತು ಕೂಡ ಉರಿಯಿತು, ಯಾಕೆಂದರೆ ಅದು ಸರಿಯಿತ್ತು. ಚಕ್ರ ಜಾರುವುದು ನನಗೆ ಮೊದಲ ವಾರದಲ್ಲೇ ಗೊತ್ತಾಗಿತ್ತು. ಹನ್ನೊಂದು ಗಾಡಿಗಳ ಚೈನು ಉಜ್ಜಿದವಳು ನಾನು. ಒಂದು ಸಲ ನಕ್ಕರು ಎಂದು ಎಂಟು ತಿಂಗಳು ಬಾಯಿ ಹೊಲಿದುಕೊಂಡಿದ್ದೆ. ಕೋಚ್ ಮೇಲಿನ ಸಿಟ್ಟಿಗೆ ನನ್ನ ಮೇಲಿನ ಸಿಟ್ಟೂ ಸೇರಿಕೊಂಡಿತು.

ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಕ್ಲಬ್ ಖಾಲಿ. ಮಾರನೇ ದಿನ ಪೆಟ್ಟಿಗೆ ಕಟ್ಟಿಕೊಂಡು ಏರಿಗೆ ಹೋದೆ. ಮೊದಲು ಅವರ ಲೆಕ್ಕದಲ್ಲೇ ಹತ್ತಿದೆ, ತೊಂಬತ್ತೆರಡು. ಎಮ್ಮೆಬಂಡೆಯ ಹತ್ತಿರ ಕಾಲು ಊರಿದೆ, ಮತ್ತೆ ಹತ್ತಿದೆ, ಮೇಲೆ ತಲುಪಿದೆ. ಅಲ್ಲಿ ಯಾರೂ ಇರಲಿಲ್ಲ. ಒಂದು ಸಿಮೆಂಟ್ ಕಂಬ ಮಾತ್ರ. ಆ ಕಂಬವನ್ನೇ ಕೋಚ್ ಅಂದುಕೊಂಡು ಬೈಯೋಣ ಅನ್ನಿಸಿತು. ಬಾಯಿ ತೆರೆದೆ.

"ಸ…"

ಅಷ್ಟೇ ಬಂತು. ಉಸಿರಿರಲಿಲ್ಲ. ಗಾಡಿಯ ಮೇಲೆ ಬಗ್ಗಿ ನಾಯಿಯಂತೆ ತೇಕಿದೆ. ಅಲ್ಲಿಯೇ ನನಗೆ ಅಳತೆ ಸಿಕ್ಕಿತು. ಟೇಪ್ ಬೇಡ, ನಾಡಿ ಹಿಡಿಯುವವರು ಬೇಡ. ಮೇಲೆ ತಲುಪಿದಾಗ ನನ್ನಲ್ಲಿ ಎಷ್ಟು ಬೈಗುಳಕ್ಕೆ ಉಸಿರು ಉಳಿದಿದೆಯೋ ಅದೇ ಅಳತೆ.

ಮಾರನೇ ದಿನ ಪೆಟ್ಟಿಗೆಯನ್ನು ಗೋದಾಮಿನಲ್ಲೇ ಬಿಟ್ಟೆ. ಅಮ್ಮನ ಹಳೇ ಕೈಗಡಿಯಾರ ಕಟ್ಟಿಕೊಂಡೆ. ಬಲ ಮೊಣಕಾಲು ಮೇಲೆ ಬಂದದ್ದನ್ನು ಹದಿನೈದು ಸೆಕೆಂಡು ಎಣಿಸು, ನಾಲ್ಕರಿಂದ ಗುಣಿಸು. ಇದಕ್ಕೆ ಎಂಟನೇ ಕ್ಲಾಸು ಧಾರಾಳ. ಭಾರದ ಗೇರ್ ಹಾಕಿ ಅರವತ್ತಕ್ಕೆ ಇಳಿಸಿದೆ. ಮೇಲೆ ತಲುಪಿ ಕಂಬಕ್ಕೆ ಹೇಳಿದೆ: "ಸರ್, ಈ ಕಾಗದ ನನ್ನದಲ್ಲ." ಪೂರ್ತಿ ವಾಕ್ಯ ಬಂತು. ಆದರೆ ಕಾಲು ಕಲ್ಲಾಗಿತ್ತು, ಮೊಣಕಾಲಿನ ಚಿಪ್ಪಿನ ಕೆಳಗೆ ಸೂಜಿ ಚುಚ್ಚುತ್ತಿತ್ತು. ಇನ್ನೊಂದು ಸಲ ಹತ್ತು ಅಂದರೆ ಆಗುತ್ತಿರಲಿಲ್ಲ. ಸಮಯವೂ ಜಾಸ್ತಿ. ಅರವತ್ತು ಬೇಡ.

ಎಂಬತ್ತನಾಲ್ಕು ನೋಡಿದೆ. "ಸರ್, ಈ ಕಾ…" ಎಂಬಲ್ಲಿಗೆ ಮುಗಿಯಿತು.

ಎಪ್ಪತ್ತೆರಡು ನೋಡಿದ ದಿನ ಬಿಸಿಲು ಜೋರಿತ್ತು. ಗಟ್ಟಿ ಮಣ್ಣಿನ ಮೇಲೆ ಕಾಲು ತಾನೇ ದಾರಿ ಹಿಡಿಯಿತು. ದೂಡುತ್ತಿದ್ದೇನೆ ಅನ್ನಿಸಲಿಲ್ಲ, ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಅಂತಲೂ ಅನ್ನಿಸಲಿಲ್ಲ. ಮೇಲೆ ತಲುಪಿ ಕಂಬದ ಎದುರು ನಿಂತೆ. "ಸರ್, ಈ ಕಾಗದ ನನ್ನದಲ್ಲ, ನಾಲ್ಕು ವರ್ಷದ ಹಿಂದಿನ ಪುಟಾಣಿಯದ್ದು, ಅವನು ಮೂವತ್ತೆಂಟು ಕೆಜಿ, ನಾನು ಅರವತ್ತಾರು, ನಿಮಗೆ ಕಣ್ಣಿದೆಯೋ ಇಲ್ಲವೋ!" ಒಂದೇ ಉಸಿರಿನಲ್ಲಿ. ಎಷ್ಟು ಜೋರಾಗಿ ಎಂದರೆ ಕೆಳಗೆ ಎಲ್ಲೋ ಒಂದು ನಾಯಿ ಬೊಗಳಿತು. ನನ್ನ ದನಿ ಅಷ್ಟು ದೊಡ್ಡದು ಎಂದು ನನಗೇ ಗೊತ್ತಿರಲಿಲ್ಲ. ಬೆಚ್ಚಿ ಹಿಂದೆ ತಿರುಗಿ ನೋಡಿದೆ, ಬೇರೆ ಯಾರೋ ಕೂಗಿದರೇನೋ ಎಂಬಂತೆ.

ಆದರೂ ಎಮ್ಮೆಬಂಡೆಯ ಹತ್ತಿರ ಕಾಲು ಊರಿದ್ದೆ. ಉಳಿದ ದಿನಗಳು ಅದಕ್ಕೇ ಹೋದವು. ಕಲ್ಲಿನ ಮೇಲೆ ಬಂದ ಮೇಲೆ ಗೇರ್ ಬದಲಿಸಿದರೆ ಚೈನು ಕಿರುಚಿ ಗಾಡಿ ಮುಗ್ಗರಿಸುತ್ತದೆ. ಕಲ್ಲು ಶುರುವಾಗುವ ಹತ್ತು ಮಾರು ಮೊದಲೇ ಒಂದು ಗೇರ್ ಭಾರ ಮಾಡಿಕೊಳ್ಳಬೇಕು. ಕ್ಯಾಡೆನ್ಸ್ ಅರವತ್ತೆಂಟಕ್ಕೆ ಇಳಿಯಲು ಬಿಡಬೇಕು. ಪೆಡಲನ್ನು ಒದೆಯಬಾರದು, ದುಂಡಗೆ ತಿರುಗಿಸಬೇಕು. ಆಗ ಹಿಂದಿನ ಚಕ್ರ ಕಲ್ಲನ್ನು ಕಚ್ಚುತ್ತದೆ. ಬಂಡೆ ದಾಟಿ ನುಣ್ಣಗಿನ ನೆಲ ಬಂದ ಕೂಡಲೇ ಮತ್ತೆ ಹಗುರ ಮಾಡಿ ಎಂಬತ್ತಕ್ಕೆ ಏರಿಸಬೇಕು. ಏರು ಒಂದೇ, ಆದರೆ ಅದರಲ್ಲಿ ಮೂರು ನೆಲ ಇದೆ, ಮೂರಕ್ಕೂ ಬೇರೆ ಬೇರೆ ಕಾಲು. ಇದನ್ನು ನನಗೆ ಯಾರಾದರೂ ಮೊದಲ ದಿನವೇ ಹೇಳಬಹುದಿತ್ತು. ಹೇಳುವುದಕ್ಕೇ ಅಲ್ಲವೇ ಅವರನ್ನು ಕೋಚ್ ಅನ್ನುವುದು?

ಏಳನೇ ದಿನ ಮೊದಲ ಸಲ ಕಾಲು ಊರದೆ ಮೇಲೆ ಬಂದೆ. ಕಂಬಕ್ಕೆ ಅವತ್ತು ಸಿಕ್ಕ ಬೈಗುಳವನ್ನು ಬರೆಯಲಾರೆ.

ಬೆಳಗಿನ ಅಭ್ಯಾಸದಲ್ಲಿ ಮಾತ್ರ ಪೆಟ್ಟಿಗೆ ಕಟ್ಟಿಕೊಂಡು, ಸೀಟಿ ಊದಿಸಿಕೊಂಡು, ತೊಂಬತ್ತೆರಡೇ ತುಳಿದೆ. ಎದುರಿಗೆ ಹೇಳಲು ಇನ್ನೂ ಧೈರ್ಯ ಬಂದಿರಲಿಲ್ಲ. ಕಂಬ ತಿರುಗಿ ಮಾತಾಡುವುದಿಲ್ಲ, ನಗುವುದಿಲ್ಲ.

ಭಾನುವಾರ ಬಂತು. ಕೋಚ್ ಗೋದಾಮಿಗೆ ಬಂದು ಇಬ್ಬರ ಹ್ಯಾಂಡಲ್‌ಗೂ ಪೆಟ್ಟಿಗೆ ಕಟ್ಟಿದರು. ನನ್ನದಕ್ಕೆ ಕಟ್ಟುವಾಗ ಗೋಡೆಯ ಕಡೆಗೇ ನೋಡಿದರು, ಅಭ್ಯಾಸಬಲ. ನಾಲ್ಕನೇ ಕೊಕ್ಕೆಯ ಪಕ್ಕದಲ್ಲಿ ಕವರ್ ಇತ್ತು, ಒಳಗೆ ಕಾಗದ ಇರಲಿಲ್ಲ. ಅದೂ ಅವರಿಗೆ ಕಾಣಲಿಲ್ಲ. ಕಾಗದ ನನ್ನ ಬೆನ್ನಿನ ಜೇಬಿನಲ್ಲಿತ್ತು. ಯಾಕೆ ಇಟ್ಟುಕೊಂಡೆ ಎಂದು ಆಗ ನನಗೂ ಸರಿಯಾಗಿ ಗೊತ್ತಿರಲಿಲ್ಲ.

"ತೊಂಬತ್ತೆರಡು," ಎಂದರು. ಬೈಕ್ ಹತ್ತಿ ಮೇಲೆ ಹೋದರು. ಕೆಳಗೆ ಗ್ರೀಸ್ ಮಾಮ ಕೆಂಪು ಬಟ್ಟೆ ಬೀಸುವುದು, ಮೇಲಿಂದ ಅದನ್ನು ನೋಡಿ ಕೋಚ್ ವಾಚ್ ಒತ್ತುವುದು, ಹಾಗೆ ಏರ್ಪಾಡು. ಎಮ್ಮೆಬಂಡೆಯ ಹತ್ತಿರ ಕಾಲು ಊರಿದರೂ ಮೇಲಿಂದ ಕಾಣುತ್ತದೆ.

ಕಾಲೇಜಿನವಳು ಮೊದಲು ಹೋದಳು. ಹನ್ನೊಂದು ನಿಮಿಷ ಇಪ್ಪತ್ತು ಸೆಕೆಂಡು, ಒಂದು ಸಲ ಕಾಲು ಊರಿದಳು, ಸೇರಿಸಿ ಹನ್ನೊಂದು ಐವತ್ತು. ಮೇಲಿಂದ ಮಾಮನ ಫೋನಿಗೆ ಬಂತು. ನನ್ನ ಅತ್ಯುತ್ತಮ ಸಮಯ, ಪೆಟ್ಟಿಗೆಯ ಲೆಕ್ಕದಲ್ಲಿ, ಹದಿಮೂರು ದಾಟಿತ್ತು.

ಮಾಮ ಬಟ್ಟೆ ಕೈಗೆ ತಗೊಂಡರು. ನನ್ನ ಮುಖ ನೋಡದೆ, "ಚೈನಿಗೆ ಹೊಸ ಎಣ್ಣೆ ಹಾಕಿದೀನಿ," ಅಂದರು. "ಬೆಳಿಗ್ಗೆ ಬೇಗ ಬಂದು ಹಾಕಿದೆ." ಅಷ್ಟು ಹೇಳಿ ಬೀಸಿದರು.

ಟಿಕ್ ಟಿಕ್ ಟಿಕ್. ಕಾಲು ನನ್ನ ಮಾತು ಕೇಳಲಿಲ್ಲ. ನಾನು ಎಪ್ಪತ್ತೆರಡು ಅನ್ನುತ್ತಿದ್ದೆ, ಕಾಲು ಪೆಟ್ಟಿಗೆಯ ಹಿಂದೆ ಓಡುತ್ತಿತ್ತು. ಎಂಟು ತಿಂಗಳು ಹೊಡೆಸಿಕೊಂಡ ಕಾಲು, ಸದ್ದು ಕೇಳಿದರೆ ಹೆದರಿ ಓಡುವುದೊಂದೇ ಅದಕ್ಕೆ ಗೊತ್ತು. ಮೊದಲ ತಿರುವು ಬರುವಷ್ಟರಲ್ಲಿ ಗಂಟಲು ಒಣಗಿತ್ತು. ಇನ್ನು ನೂರು ಮಾರು ಹೀಗೇ ಹೋದರೆ ಎಮ್ಮೆಬಂಡೆಯ ಹತ್ತಿರ ಅದೇ ಕಥೆ, ಆಮೇಲೆ ಪೈಪು, ಬ್ರಷ್, ಚಿಂದಿ.

ನನಗೆ ಆಗ ಬಂದ ಸಿಟ್ಟು ಹಿಂದೆ ಬಂದಿರಲಿಲ್ಲ. ಒಂದು ಕೈ ಬಿಟ್ಟು ಪೆಟ್ಟಿಗೆಯನ್ನು ಹಿಡಿದು ಎಳೆದೆ. ರಬ್ಬರ್ ಪಟ್ಟಿ ಚಟಾರನೆ ಬೆರಳಿಗೆ ಬಡಿಯಿತು. ಎಸೆಯಬೇಕು ಅನ್ನಿಸಿತು, ಎಸೆಯಲಿಲ್ಲ. ಬೆನ್ನಿನ ಜೇಬಿಗೆ ತುರುಕಿದೆ. ಅಲ್ಲಿ ಅದು ಸೊಂಟದ ಮೇಲೆ ಟಿಕ್ಕಿಸುತ್ತಲೇ ಇತ್ತು, ಆದರೆ ಕಣ್ಣೆದುರು ಇರಲಿಲ್ಲ. ಗೇರ್ ಒಂದು ಭಾರ ಮಾಡಿದೆ. ಅಮ್ಮನ ಕೈಗಡಿಯಾರ ನೋಡುತ್ತಾ ಹದಿನೈದು ಸೆಕೆಂಡಿಗೆ ಮೊಣಕಾಲು ಎಣಿಸಿದೆ. ಇಪ್ಪತ್ತು. ಹತ್ತೊಂಬತ್ತು. ಹದಿನೆಂಟು. ಅಲ್ಲಿ ನಿಂತಿತು. ಉಸಿರು ಗಂಟಲಿಂದ ಇಳಿದು ಹೊಟ್ಟೆಗೆ ಹೋಗಿ ಕೂತಿತು.

ಕಲ್ಲಿಗೆ ಹತ್ತು ಮಾರು ಮೊದಲು ಇನ್ನೊಂದು ಗೇರ್. ಹಿಂದಿನ ಚಕ್ರ ಒಮ್ಮೆ ಕಲ್ಲು ಉಗಿಯಿತು, ಆಮೇಲೆ ಕಚ್ಚಿತು. ಎಮ್ಮೆಬಂಡೆಯ ಎಡಗಡೆ ಒಂದು ಗೇಣು ಅಗಲದ ದಾರಿ. ಅದನ್ನು ಬಿಟ್ಟು ಬೇರೆಲ್ಲೂ ನೋಡಲಿಲ್ಲ. ಸೊಂಟದ ಮೇಲೆ ಪೆಟ್ಟಿಗೆ ಬೇಗ ಬೇಗ ಅನ್ನುತ್ತಿತ್ತು. ನಾನು ಅದಕ್ಕೆ, ಬಾಯಿ ಬಿಟ್ಟೇ, "ಮುಚ್ಚು ಬಾಯಿ" ಅಂದೆ. ಬಂಡೆ ಹಿಂದೆ ಹೋಯಿತು.

ಮೇಲೆ ಕೋಚ್ ವಾಚ್ ಒತ್ತಿದರು. ಅದನ್ನು ನೋಡಿದರು, ಅಲ್ಲಾಡಿಸಿ ಮತ್ತೆ ನೋಡಿದರು. ಕಾಲೇಜಿನವಳು ಇಣುಕಿ, "ಹನ್ನೊಂದು ಇಪ್ಪತ್ತೆಂಟು! ಕಾಲು ಊರಿಲ್ಲ!" ಎಂದು ಕೂಗಿದಳು.

ಕೋಚ್ ಕಣ್ಣು ನನ್ನ ಹ್ಯಾಂಡಲ್ ಮೇಲೆ ಬಿತ್ತು. "ಪೆಟ್ಟಿಗೆ ಎಲ್ಲಿ?"

ಜೇಬಿನಿಂದ ತೆಗೆದೆ. ಇನ್ನೂ ಟಿಕ್ಕಿಸುತ್ತಿತ್ತು.

"ಯಾರನ್ನ ಕೇಳಿ ಬಿಚ್ಚಿದೆ? ನಾನು ಹೇಳಿದ ಕ್ಯಾಡೆನ್ಸ್ ಬಿಟ್ಟು ಮನಸ್ಸಿಗೆ ಬಂದ ಹಾಗೆ ತುಳಿದ್ರೆ ಇದು ಪರೀಕ್ಷೆನಾ? ಇದು ಲೆಕ್ಕಕ್ಕಿಲ್ಲ."

ಅವರು ಸರಿಯಾಗಿ ಆ ಸಿಮೆಂಟ್ ಕಂಬದ ಪಕ್ಕದಲ್ಲಿ ನಿಂತಿದ್ದರು. ನಾನು ಕಂಬವನ್ನು ನೋಡಿದೆ, ಅವರನ್ನು ನೋಡಿದೆ. ಉಸಿರು ಇತ್ತು. ಬೇಕಾದಷ್ಟಿತ್ತು.

"ಆ ಕ್ಯಾಡೆನ್ಸ್ ನನ್ನದಲ್ಲ ಸರ್," ಅಂದೆ. ಕಾಗದ ತೆಗೆದು ಮಡಿಕೆ ಬಿಚ್ಚಿ ಅವರ ಎದೆಗೆ ಹಿಡಿದೆ. "ಇದು ನಿಮ್ಮ ಅಕ್ಷರ. ಹದಿಮೂರು ವರ್ಷ, ನಾಲ್ಕಡಿ ಹತ್ತಿಂಚು, ಮೂವತ್ತೆಂಟು ಕೆಜಿ. ಓದಿ. ಈಗ ನನ್ನ ನೋಡಿ. ಒಂದು ಸಲ ಮೇಲಿಂದ ಕೆಳಗೆ ನೋಡಿ ಸರ್, ದುಡ್ಡೇನೂ ಖರ್ಚಾಗಲ್ಲ. ಕ್ರ್ಯಾಂಕ್ ಬದಲಾಯ್ತು, ಸೀಟು ಬದಲಾಯ್ತು, ತುಳಿಯೋ ಕಾಲೇ ಬದಲಾಯ್ತು. ಕಾಗದ ಬದಲಾಗಲಿಲ್ಲ. ಎಂಟು ತಿಂಗಳು ಬೇರೆ ಯಾರದೋ ಲೆಕ್ಕಕ್ಕೆ ನಾನು ವಾಂತಿ ಮಾಡ್ಕೊಂಡೆ. ಇವಳನ್ನ ಎರಡು ಗಂಟೆ ಅಳೆದ್ರಿ. ನನ್ನ ಎರಡು ನಿಮಿಷ ಅಳೆಯೋಕಾಗ್ಲಿಲ್ವಾ? ರೇಸಿನ ದಿನ ಪೆಟ್ಟಿಗೆ ಕಟ್ತಾರಾ? ಲೆಕ್ಕಕ್ಕಿಲ್ಲ ಅಂತೀರಲ್ಲ, ಯಾರ ಲೆಕ್ಕಕ್ಕೆ?"

ಕೋಚ್ ಕಾಗದ ತಗೊಂಡರು. ಓದಿದರು. ಅವರ ಕಿವಿ ಕೆಂಪಾಯಿತು. ಆಮೇಲೆ ಅವರು ನನ್ನನ್ನೇ ಗದರಿಸುವ ದನಿಯಲ್ಲಿ ಕೇಳಿದರು: "ಇಷ್ಟು ದಿನ ಯಾಕೆ ಹೇಳಲಿಲ್ಲ ನೀನು?"

ಎಂಟು ತಿಂಗಳಲ್ಲಿ ಅವರು ಹೇಳಿದ್ದರಲ್ಲಿ ಇದಕ್ಕಿಂತ ಉರಿಸಿದ ಮಾತಿಲ್ಲ.

"ಹೇಳಿದ್ದೆ. ಚಕ್ರ ಜಾರುತ್ತೆ ಅಂದಿದ್ದೆ. ನೀವು ಎಲ್ಲರನ್ನೂ ನಗಿಸಿದ್ರಿ. ಆಮೇಲೆ ಹೇಳೋಕೆ ನನ್ನಲ್ಲಿ ಉಸಿರು ಎಲ್ಲಿ ಉಳಿಸಿದ್ರಿ?"

ಕಾಲೇಜಿನವಳು ಕೆಳಗೆ ನೋಡುತ್ತಾ ಕೈಗವಸು ಕಳಚುತ್ತಿದ್ದಳು. "ಹನ್ನೊಂದು ಇಪ್ಪತ್ತೆಂಟು ಸರ್," ಎಂದಳು ಮೆಲ್ಲಗೆ. "ಬರ್ಕೊಳ್ಳಿ. ನಂದು ಹನ್ನೊಂದು ಐವತ್ತು." ಅವಳ ಕಣ್ಣಲ್ಲಿ ನೀರಿತ್ತು. ಆದರೂ ಹೇಳಿದಳು.

ಅವರು ಬರೆದುಕೊಂಡರು.

ಕೆಳಗೆ ಬಂದ ಮೇಲೆ ಕೋಚ್ ತಮ್ಮ ಕೋಣೆಗೆ ಹೋಗಿ ಒಂದು ಹೊಸ ಕಾಗದ, ಪೆನ್ನು, ಅಳತೆ ಟೇಪು ತಂದರು. ತಪ್ಪಾಯಿತು ಎನ್ನಲಿಲ್ಲ. "ಗೋಡೆಗೆ ಒರಗಿ ನಿಲ್ಲು," ಅಂದರು. ನಿಂತೆ. ಮೊಣಕಾಲೂರಿ ಕೂತು ನನ್ನ ಕಾಲು ಅಳೆದರು. ಎತ್ತರ ಅಳೆಯಲು ಅವರ ಕೈ ಎಟುಕದೆ ಸ್ಟೂಲ್ ಹತ್ತಬೇಕಾಯಿತು. ಗ್ರೀಸ್ ಮಾಮ ಕೆಮ್ಮುವ ನೆಪದಲ್ಲಿ ಆಚೆ ಹೋದರು. ಸಂಖ್ಯೆಗಳನ್ನು ಬರೆಯಲು ಕೋಚ್ ಪೆನ್ನು ಹುಡುಕುತ್ತಿದ್ದರು. ಅದು ಆಗಲೇ ನನ್ನ ಕೈಯಲ್ಲಿತ್ತು. ನಾನೇ ಬರೆದೆ. ನನ್ನ ಅಕ್ಷರ ಅವರದ್ದಕ್ಕಿಂತ ದುಂಡಗಿದೆ.

ನನ್ನ ಸಿಟ್ಟು ಇಳಿದಿರಲಿಲ್ಲ. ಜಾಗ ಸಿಕ್ಕಿತು, ಗಾಡಿ ಉಳಿಯಿತು, ಅದು ಬೇರೆ. ನಿಂತಲ್ಲೇ ತುಳಿಯುವ ಗಾಡಿಯ ಮೇಲೆ ಕೂರಿಸಿ, ಒಂದು ಸಲ ನಿಧಾನ, ಒಂದು ಸಲ ಜೋರು ತುಳಿಸಿ, ನಾಡಿ ಎಣಿಸಿ, ಕೋಚ್ ಹಣೆಯ ಬೆವರು ಒರೆಸಿಕೊಂಡರು.

"ಎಪ್ಪತ್ತೆರಡರ ಹತ್ರ ಬರುತ್ತೆ. ಸಾಕಲ್ವಾ?"

ನಾನು ಗೋಡೆಯ ಗಡಿಯಾರ ನೋಡಿದೆ. ಶುರು ಮಾಡಿ ನಲವತ್ತು ನಿಮಿಷ ಆಗಿತ್ತು.

"ಇನ್ನೂ ಒಂದು ಗಂಟೆ ಇಪ್ಪತ್ತು ನಿ‌ಮಿಷ ಇದೆ ಸರ್," ಅಂದೆ.